ಏಳನೇ ಕ್ಲಾಸಿನ ಸಿ ಪ್ಲಸ್: ಇಟ್ಟುಕೊಳ್ಳಬೇಕಾ, ತೆಗೆಸಬೇಕಾ?

ಗುರುತು ಸಿಗದ ಹಾಗೆ ಹೆಸರು, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಸಿರಿ ಅಂತ ಕರೆಯೋಣ. 13 ವರ್ಷ. ಮನೆ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ. ಅಪ್ಪ ಹಾಸನದ ಕಡೆಯವರು, ಅಮ್ಮ ಶಿವಮೊಗ್ಗದವರು. ಇಬ್ಬರೂ ಐಟಿ ಕೆಲಸದಲ್ಲಿದ್ದಾರೆ.

ಶಾಲೆ ಮುಗಿದ ಮೇಲೆ, ಜೂನ್ ಕೊನೆಯಲ್ಲಿ ಮೂವರೂ ಸಲಹೆ ಕೇಳಲು ನನ್ನ ಹತ್ತಿರ ಬಂದರು. ಸಿರಿ ಏಳನೇ ಕ್ಲಾಸಿನಲ್ಲೇ ಆಲ್‌ಜಿಬ್ರಾ 1 ತಗೊಂಡಿದ್ದಳು. ವರ್ಷದ ಕೊನೆಗೆ ಬಂದ ಗ್ರೇಡ್ ಸಿ ಪ್ಲಸ್. ಅದುವರೆಗೆ ಎ ಬಿಟ್ಟು ಬೇರೆ ನೋಡದ ಮನೆ. ಗ್ರೇಡ್ ತೆಗೆಸಿಬಿಡೋಣ ಅಂತ ಅಮ್ಮ, ಬೇಡವೇ ಬೇಡ ಅಂತ ಅಪ್ಪ. ಎರಡು ವಾರದಿಂದ ಮನೆಯಲ್ಲಿ ಇದೇ ಮಾತು.

ಅಮೆರಿಕದ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಅಲ್ಲಿ 9ರಿಂದ 12ನೇ ಕ್ಲಾಸು ಹೈಸ್ಕೂಲ್. ವಿಷಯ ಪಾಸಾದರೆ ಕ್ರೆಡಿಟ್ ಸಿಗುತ್ತದೆ, ಹೈಸ್ಕೂಲ್ ಮುಗಿಸಿ ಹೊರಬರಲು ಅದು ಇಂತಿಷ್ಟು ಆಗಬೇಕು. ವರ್ಜೀನಿಯಾದಲ್ಲಿ ಸಾಮಾನ್ಯ ಡಿಪ್ಲೊಮಾಗೆ 22, ಅಡ್ವಾನ್ಸ್ಡ್ ಡಿಪ್ಲೊಮಾಗೆ 26. ಆಲ್‌ಜಿಬ್ರಾ 1, ಜಾಮಿಟ್ರಿ, ಸ್ಪ್ಯಾನಿಶ್ 1 ಇಂಥವನ್ನು ಹೈಸ್ಕೂಲಿಗೆ ಮುಂಚಿನ ಮಿಡ್ಲ್ ಸ್ಕೂಲಿನಲ್ಲೇ ಓದಿ ಮುಗಿಸಿದರೆ ಆ ಕ್ರೆಡಿಟ್ ಹೈಸ್ಕೂಲಿನ ಲೆಕ್ಕಕ್ಕೆ ಸೇರುತ್ತದೆ. ನಮ್ಮವರು ಇಷ್ಟನ್ನು ಕೇಳಿ ಖುಷಿಪಡುತ್ತಾರೆ. ಕ್ರೆಡಿಟ್ ಜೊತೆ ಗ್ರೇಡೂ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿಗೆ, ಅಂದರೆ ಅಂಕಪಟ್ಟಿಗೆ, ಹೋಗುತ್ತದೆ, ಎಷ್ಟೋ ಕೌಂಟಿಗಳಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಜಿಪಿಎಗೂ, ಅಂದರೆ ಎ ಗೆ 4 ಅಂತ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿಗೂ, ಸೇರುತ್ತದೆ ಅನ್ನುವುದು ಸಿ ಬಂದಾಗಲೇ ಗೊತ್ತಾಗುವುದು!

ವರ್ಜೀನಿಯಾದ ನಿಯಮದಲ್ಲಿ ಇದಕ್ಕೊಂದು ದಾರಿ ಇದೆ. ಮಿಡ್ಲ್ ಸ್ಕೂಲಿನಲ್ಲಿ ಓದಿದ ಹೈಸ್ಕೂಲ್ ವಿಷಯದ ಗ್ರೇಡನ್ನು ಟ್ರಾನ್ಸ್‌ಕ್ರಿಪ್ಟಿನಿಂದ ತೆಗೆಯಿರಿ ಅಂತ ಅಪ್ಪ ಅಮ್ಮ ಕೇಳಿಕೊಳ್ಳಬಹುದು. ಆಗ ಗ್ರೇಡ್ ಹೋಗುತ್ತದೆ, ಕ್ರೆಡಿಟ್ಟೂ ಹೋಗುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಹಾಗಿಲ್ಲ.

"ಮೇಡಂ, ತೆಗೆಸಿದ್ರೆ ಒಂದು ವರ್ಷ ದಂಡ ಅಲ್ವಾ? ಟೀಜೇ ಕೈ ತಪ್ಪುತ್ತೆ, ಕ್ಯಾಲ್ಕುಲಸ್ಸೂ ತಪ್ಪುತ್ತೆ" ಅಂದರು ಅಪ್ಪ. ಟೀಜೇ ಅಂದರೆ ಥಾಮಸ್ ಜೆಫರ್ಸನ್ ಹೈಸ್ಕೂಲ್, ವಿಜ್ಞಾನ ತಂತ್ರಜ್ಞಾನಕ್ಕೆ ಹೆಸರಾದ ಸರ್ಕಾರಿ ಶಾಲೆ. ಆ ಕಡೆಯ ನಮ್ಮ ಮನೆಗಳಲ್ಲಿ ಮಗು ನಾಲ್ಕನೇ ಕ್ಲಾಸಿಗೆ ಬರುವಷ್ಟರಲ್ಲಿ ಈ ಹೆಸರು ಓಡಾಡಲು ಶುರುವಾಗಿರುತ್ತದೆ.

"ಅಕ್ಕಾ, ಆ ಸಿ ಪ್ಲಸ್ ಅವಳ ಜೊತೆ ಕಾಲೇಜಿನ ತನಕ ಬರುತ್ತಲ್ಲ" ಅಂದರು ಅಮ್ಮ.

ಸಿರಿಯನ್ನು ಯಾರೂ ಏನೂ ಕೇಳಲಿಲ್ಲ. ಅಪ್ಪ ಅಮ್ಮನನ್ನು ಹೊರಗೆ ಕೂರಲು ಹೇಳಿ ಅವಳ ಮುಂದೆ ಒಂದು ಖಾಲಿ ಹಾಳೆ ಇಟ್ಟೆ.

ಮೊದಲು ಸುಮ್ನೆ ಒಂದು ಬಾಯಿಲೆಕ್ಕ. 40 ಡಾಲರಿನ ಶೂ, ಕಾಲು ಭಾಗ ಕಡಿತ, ಉಳಿದದ್ದರ ಮೇಲೆ ಮತ್ತೆ 10 ಪರ್ಸೆಂಟ್ ಕಡಿತ. "27" ಅಂದಳು, ಪೆನ್ಸಿಲ್ ಮುಟ್ಟದೆ. ಆಮೇಲೆ ಬ್ರಾಕೆಟ್ಟಿನ ಲೆಕ್ಕ ಕೊಟ್ಟೆ. ಬ್ರಾಕೆಟ್ ಒಳಗೆ ಎಕ್ಸ್ ಮೈನಸ್ 2, ಹೊರಗೆ ಮೈನಸ್ 3. ಬಿಡಿಸಿ ಮೈನಸ್ 3 ಎಕ್ಸ್ ಮೈನಸ್ 6 ಅಂತ ಬರೆದಳು. ಕೊನೆಯದು ಪ್ಲಸ್ 6 ಆಗಬೇಕಿತ್ತು. ಅಂಥದ್ದೇ ಇನ್ನೆರಡು ಕೊಟ್ಟರೂ ಅದೇ ತಪ್ಪು. ಕೊನೆಗೆ ಟ್ಯಾಕ್ಸಿ ಲೆಕ್ಕ: ಹತ್ತಿದ ಕೂಡಲೇ 5 ಡಾಲರ್, ಆಮೇಲೆ ಮೈಲಿಗೆ 2 ಡಾಲರ್. 10 ಮೈಲಿಗೆ ಎಷ್ಟು ಅಂದರೆ 25 ಅಂತ ತಕ್ಷಣ ಬಂತು. ಇದನ್ನೇ ಸಮೀಕರಣ ಮಾಡು ಅಂದಾಗ ಪೆನ್ಸಿಲ್ ಕೆಳಗಿಟ್ಟಳು. "ಟ್ಯೂಷನ್ ಅಂಕಲ್ ಮಾಡಿ ತೋರಿಸ್ದಾಗ ಅರ್ಥ ಆಗುತ್ತೆ ಆಂಟಿ. ಟೆಸ್ಟಲ್ಲಿ ಎಲ್ಲ ಹೋಗ್ಬಿಡುತ್ತೆ. ನಂಗೆ ಮ್ಯಾತ್ ಬರಲ್ಲ, ಅಷ್ಟೇ."

ಭಾನುವಾರ ರಾತ್ರಿ ಹೊಟ್ಟೆನೋವು ಬರುತ್ತಿತ್ತು ಅನ್ನುವುದೂ ಆಗಲೇ ಬಾಯಿಬಿಟ್ಟಳು. ಸೋಮವಾರ ಮೊದಲ ಪೀರಿಯಡ್ಡೇ ಆಲ್‌ಜಿಬ್ರಾ.

ಮಗುವಿಗೆ ಲೆಕ್ಕ ಬರುತ್ತದೆ. ಸಂಖ್ಯೆಗಳ ಜೊತೆ ಸಲೀಸಾಗಿ ಓಡಾಡುತ್ತಾಳೆ. ಆರನೇ ಕ್ಲಾಸಿನಿಂದ ಹಾರಿ ಆಲ್‌ಜಿಬ್ರಾಗೆ ಬಂದಾಗ ನಡುವಿನ ಪಾಠಗಳು ಓಡಿಸಿಕೊಂಡು ಮುಗಿದುಹೋಗಿವೆ. ಮೈನಸ್ ಚಿಹ್ನೆ, ಮಾತನ್ನು ಸಮೀಕರಣ ಮಾಡುವುದು, ಇವೆರಡೂ ಕೂತಿಲ್ಲ. ಹೋಮ್‌ವರ್ಕನ್ನು ಟ್ಯೂಷನ್ ಮೇಷ್ಟ್ರು ದಾಟಿಸಿದ್ದಾರೆ.

ಅಮ್ಮನಿಗೆ ಮೊದಲು ಜಿಪಿಎ ಲೆಕ್ಕ ಹಾಕಿ ತೋರಿಸಿದೆ. ಹೈಸ್ಕೂಲಿನ ನಾಲ್ಕು ವರ್ಷಕ್ಕೆ ವರ್ಷಕ್ಕೆ ಏಳರಂತೆ 28 ವಿಷಯ. ಎಲ್ಲದರಲ್ಲೂ ಎ ಬಂದು, ಇದೊಂದು ಸಿ ಪ್ಲಸ್, ಅಂದರೆ 2.3, ಸೇರಿದರೆ 4.0 ಇರಬೇಕಾದ್ದು ಸುಮಾರು 3.94 ಆಗುತ್ತದೆ. ಇದಕ್ಕಾಗಿ ನಿದ್ದೆಗೆಡುವುದು ಬೇಡ. ಬರೀ ಗ್ರೇಡಿಗಾಗಿ ತೆಗೆಸುವುದಾದರೆ ಬೇಡ ಅಂತಲೇ ಹೇಳುತ್ತಿದ್ದೆ.

ಆದರೂ ತೆಗೆಸಿ, ಎಂಟನೇ ಕ್ಲಾಸಿನಲ್ಲಿ ಆಲ್‌ಜಿಬ್ರಾ 1 ಮತ್ತೆ ಓದಿಸಿ ಅಂದೆ. ಜಾಮಿಟ್ರಿ ಒಂದು ವರ್ಷ ಹೇಗೋ ದಾಟಬಹುದು. ಆಮೇಲೆ ಆಲ್‌ಜಿಬ್ರಾ 2 ಬರುತ್ತದೆ. ಅಲ್ಲಿ ಪ್ರತಿ ಸಾಲಿನಲ್ಲೂ ಇದೇ ಬ್ರಾಕೆಟ್, ಇದೇ ಮೈನಸ್. ಬುಡ ಗಟ್ಟಿಯಿಲ್ಲದೆ ಒಂಬತ್ತನೇ ಕ್ಲಾಸಿಗೆ ಹೋದರೆ ಒಂದು ಸಿ ಪ್ಲಸ್ಸಿನ ಜಾಗದಲ್ಲಿ ಮೂರು ಕಾಣಬೇಕಾಗುತ್ತದೆ.

ಅಪ್ಪನಿಗೆ ಕಾಗದದ ಮೇಲೆ ಬರೆದೇ ತೋರಿಸಬೇಕಾಯಿತು. ಎಂಟರಲ್ಲಿ ಆಲ್‌ಜಿಬ್ರಾ 1, ಒಂಬತ್ತರಲ್ಲಿ ಜಾಮಿಟ್ರಿ, ಹತ್ತರಲ್ಲಿ ಆಲ್‌ಜಿಬ್ರಾ 2, ಹನ್ನೊಂದರಲ್ಲಿ ಪ್ರೀ ಕ್ಯಾಲ್ಕುಲಸ್, ಹನ್ನೆರಡರಲ್ಲಿ ಎಪಿ, ಅಂದರೆ ಕಾಲೇಜು ಮಟ್ಟದ, ಕ್ಯಾಲ್ಕುಲಸ್. ಎಲ್ಲಿ ತಪ್ಪಿತು? ಟೀಜೇ ಕೂಡ ಕೇಳುವುದು ಎಂಟನೇ ಕ್ಲಾಸಿಗೆ ಆಲ್‌ಜಿಬ್ರಾ 1 ಇರಲಿ ಅಂತ. ಮೊದಲಿದ್ದ ಪ್ರವೇಶ ಪರೀಕ್ಷೆಯನ್ನು 2020ರಲ್ಲೇ ಕೈಬಿಟ್ಟಿದ್ದಾರೆ. ಅರ್ಜಿ ಹಾಕುವ ಅವಕಾಶ ಉಳಿಯುತ್ತದೆ, ಸೀಟಿನ ಮಾತು ಯಾರೂ ಕೊಡಲಾರರು. ಕ್ರೆಡಿಟ್ ಮುಂಚೆ ಸಿಕ್ಕರೆ ಹೈಸ್ಕೂಲಿನಲ್ಲಿ ಲೆಕ್ಕದ ಕಾಟ ತಪ್ಪುತ್ತದೆ ಅನ್ನುವ ಆಸೆಯೂ ಅವರಿಗಿತ್ತು. ಒಳ್ಳೆಯ ಕಾಲೇಜುಗಳು ಹೈಸ್ಕೂಲಿನ ನಾಲ್ಕೂ ವರ್ಷ ಲೆಕ್ಕ ಓದಿದ್ದಾಳಾ ಅಂತ ಹೇಗೂ ನೋಡುತ್ತವೆ.

ಆಗ ಅವರು ಫೋನ್ ತೆಗೆದರು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಅವರ ತಮ್ಮ "ಎಂಟರೊಳಗಿನ ಗ್ರೇಡನ್ನು ಯಾರೂ ನೋಡಲ್ಲ" ಅಂತ ಮೆಸೇಜು ಹಾಕಿದ್ದರು. ಟೆಕ್ಸಾಸಿನ ಡಲ್ಲಾಸಿನಲ್ಲಿರುವ ಭಾವ "ಕ್ಲಾಸಿಗೇ ಹೋಗದೆ ಪರೀಕ್ಷೆ ಬರೆದರೂ ಕ್ರೆಡಿಟ್ ಸಿಗುತ್ತೆ" ಅಂದಿದ್ದರು. ಇಬ್ಬರೂ ಸುಳ್ಳು ಹೇಳಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ 7, 8ನೇ ಕ್ಲಾಸಿನ ಲೆಕ್ಕವನ್ನು ಓದಿದ್ದಕ್ಕೆ ಒಪ್ಪಿಕೊಳ್ಳುತ್ತದೆ, ತನ್ನ ಜಿಪಿಎಗೆ ಸೇರಿಸುವುದಿಲ್ಲ. ಟೆಕ್ಸಾಸಿನಲ್ಲಿ ಕ್ಲಾಸಿಲ್ಲದೆ ಪರೀಕ್ಷೆ ಬರೆದು 80 ತೆಗೆದರೆ ಕ್ರೆಡಿಟ್ ಉಂಟು. ಆದರೆ ಸಿರಿ ಓದುವುದು ವರ್ಜೀನಿಯಾದಲ್ಲಿ. ಫ್ಯಾಮಿಲಿ ಗ್ರೂಪಿನಲ್ಲಿ ಮೂರು ರಾಜ್ಯದ ಕಾನೂನು ಕಲಸಿ ಕುಡಿದರೆ ತಲೆ ಕೆಡದೆ ಇನ್ನೇನಾಗುತ್ತದೆ?

ಮಾಡಬೇಕಾದ ಕೆಲಸ ಹೇಳಿದೆ. ಶಾಲೆಯ ಕೌನ್ಸೆಲರಿಗೆ ಈ ವಾರವೇ ಇಮೇಲ್ ಹಾಕಿ. ಫೋನಿನಲ್ಲಿ ಬೇಡ, ಉತ್ತರ ಬರವಣಿಗೆಯಲ್ಲಿರಲಿ. ಗ್ರೇಡ್ ತೆಗೆಸುವ ಅರ್ಜಿಗೆ ಕೊನೆಯ ದಿನ ಯಾವುದು? ಒಂದೊಂದು ಕೌಂಟಿಯದ್ದು ಒಂದೊಂದು. ತೆಗೆಸಿದ ಮೇಲೆ ಎಂಟರಲ್ಲಿ ಆಲ್‌ಜಿಬ್ರಾ 1ಕ್ಕೆ ಸೀಟು ಖಾತ್ರಿಯಾ? ಎರಡಕ್ಕೂ ಉತ್ತರ ಬಂದ ಮೇಲೆ ಸಹಿ ಹಾಕಿ. ಈಗಿನ ಟ್ಯೂಷನ್ ನಿಲ್ಲಿಸಿ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಗಂಟೆ, ಬಿಟ್ಟುಹೋದ ಎರಡೇ ವಿಷಯ, ಪೆನ್ಸಿಲ್ ಅವಳ ಕೈಯಲ್ಲೇ ಇರಬೇಕು. ಹೊಟ್ಟೆನೋವನ್ನು ಒಮ್ಮೆ ಡಾಕ್ಟರಿಗೂ ತೋರಿಸಿ. ಊಟದ ಹೊತ್ತಿಗೆ ಟೀಜೇ ಮಾತು ಪೂರ್ತಿ ಬಂದ್.

ಸಿರಿಯ ಚಿಂತೆ ಬೇರೆಯೇ. "ಫ್ರೆಂಡ್ಸೆಲ್ಲ ಜಾಮಿಟ್ರಿಗೆ ಹೋಗ್ತಾರೆ. ನಾನು ಫೇಲ್ ಅಂತ ಅಂದ್ಕೊಳ್ತಾರೆ." ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಎಂಟನೇ ಕ್ಲಾಸಿಗೆ ಆಲ್‌ಜಿಬ್ರಾ 1 ಓದುವುದೂ ಮುಂಚೆ ಓದಿದ ಹಾಗೇ, ಅದೂ ಹೈಸ್ಕೂಲ್ ಕ್ರೆಡಿಟ್ಟೇ ಅಂತ ಹೇಳಿದೆ. ಕೇಳಿಸಿಕೊಂಡಳು, ಒಪ್ಪಲಿಲ್ಲ. ಯಾರಾದರೂ ಕೇಳಿದರೆ ಏನು ಹೇಳುತ್ತೀಯ ಅಂತ ಅವಳ ಕೈಯಲ್ಲೇ ಮಾತು ಹುಡುಕಿಸಿದೆ. "ನಂಗೆ ಎ ಬೇಕಿತ್ತು, ಅದಕ್ಕೆ" ಅನ್ನುವುದು ಅವಳೇ ಆರಿಸಿದ್ದು. ನನಗಂತೂ ಸರಿಯೆನಿಸಿತು.

ನವೆಂಬರಿನಲ್ಲಿ ಅಮ್ಮ ಫೋನ್ ಮಾಡಿದ್ದರು. ಮೊದಲ ಕ್ವಾರ್ಟರಿನಲ್ಲಿ ಎ ಮೈನಸ್. ಭಾನುವಾರದ ಹೊಟ್ಟೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅಪ್ಪನಿಗೆ ಇನ್ನೂ ಅರೆಮನಸ್ಸು. ಆಮೇಲೆ ಕೇಳಿದರು: "ಅಕ್ಕಾ, ಸ್ಪ್ಯಾನಿಶ್ 1 ಇದೆ, ಎ ಬಂದಿದೆ. ಕನ್ನಡಕ್ಕೂ ಕ್ರೆಡಿಟ್ ಸಿಗುತ್ತಾ?" ಅಡ್ವಾನ್ಸ್ಡ್ ಡಿಪ್ಲೊಮಾಗೆ ಒಂದೇ ಭಾಷೆ ಮೂರು ವರ್ಷ, ಇಲ್ಲವೇ ಎರಡು ಭಾಷೆ ಎರಡೆರಡು ವರ್ಷ ಆಗಬೇಕು. ಕ್ಲಾಸಿನಲ್ಲಿ ಓದದ ಭಾಷೆಗೆ ಪರೀಕ್ಷೆ ಮೇಲೆ ಕ್ರೆಡಿಟ್ ಕೊಡುವ ಕೌಂಟಿಗಳಿವೆ. ಕನ್ನಡ ಪಟ್ಟಿಯಲ್ಲಿದೆಯಾ ಅಂತ ನಿಮ್ಮ ಕೌಂಟಿಯ ಭಾಷಾ ವಿಭಾಗಕ್ಕೆ ಇಮೇಲ್ ಹಾಕಿ ಅಂದೆ. ಮಾತಾಡುವುದರಲ್ಲಿ ಸಿರಿಗೆ ತೊಂದರೆಯಿಲ್ಲ, ಬರೆಯುವುದನ್ನೂ ಪರೀಕ್ಷೆ ಮಾಡುತ್ತಾರೆ. ಒತ್ತಕ್ಷರ ಇನ್ನೂ ಕೂತಿಲ್ಲವಂತೆ. ಹಾಗಾದರೆ ಈ ವರ್ಷ ಬೇಡ, ಒಂಬತ್ತಕ್ಕೆ ಬಂದ ಮೇಲೆ ನೋಡೋಣ ಅಂದೆ.