ಹೆಲಿಕಾಪ್ಟರಿಗೂ ಬೆಂಬಲ ಬೇಕು

ಓದುಗರೊಬ್ಬರು, ತಿಪಟೂರು: ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಸರ್ಕಾರಿ ವಿಮಾನ ಕಂಪನಿ ಎಚ್‌ಎಎಲ್ ನಡೆಸುವ ಹೆಲಿಕಾಪ್ಟರ್ ಕಾರ್ಖಾನೆ ಬಗ್ಗೆ ನಿಮ್ಮ ಪತ್ರಿಕೆ ಸದಾ ಹಿಗ್ಗಿ ಬರೆಯುತ್ತದೆ. ಲಾಭವಿದ್ದರೆ ಖಾಸಗಿಯವರೇ ಮಾಡಿಕೊಳ್ಳಲಿ, ನಮ್ಮ ತೆರಿಗೆ ಹಣ ಏಕೆ? ಸರ್ಕಾರ ಸಾಕಿದ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಏನಾಯಿತು?

ಸಂಪಾದಕರ ಉತ್ತರ: ಎಚ್‌ಎಂಟಿ ವಿಷಯದಲ್ಲಿ ನೀವು ಕೇಳಿದ್ದು ನ್ಯಾಯವೇ. ಕಾಲದ ಜೊತೆ ಹೆಜ್ಜೆ ಹಾಕದ ಕಾರ್ಖಾನೆಗೆ ಎಷ್ಟು ಸುರಿದರೂ ದಂಡ. ಆದರೆ ಗಡಿಯಾರಕ್ಕೆ ಕೊಳ್ಳುವವರು ಊರೆಲ್ಲ ಇದ್ದರು. ಸೇನೆಯ ಹೆಲಿಕಾಪ್ಟರಿಗೆ ಗಿರಾಕಿ ಸರ್ಕಾರ ಒಂದೇ.

ಖಾಸಗಿಯವರು ಬರಲಿಲ್ಲವೆಂದಲ್ಲ. 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್‌ನ ಮೂಲವನ್ನು ತಂದವರು ಉದ್ಯಮಿ ವಾಲಚಂದ್ ಹೀರಾಚಂದ್. ಮೈಸೂರು ಸಂಸ್ಥಾನ ಜಮೀನು ಕೊಟ್ಟು, 25 ಲಕ್ಷ ರೂಪಾಯಿ ಹೂಡಿದ್ದರಿಂದಲೇ ಅದು ಎದ್ದು ನಿಂತಿತು. ಎರಡೇ ವರ್ಷಕ್ಕೆ ವಾಲಚಂದರ ಪಾಲನ್ನೂ ಸರ್ಕಾರ ಕೊಂಡಿತು. ಹೊರಗೂ ಅಷ್ಟೇ: ಬ್ರೆಜಿಲ್ ಸರ್ಕಾರ 1969ರಲ್ಲಿ ಎಂಬ್ರಾಯರ್ ವಿಮಾನ ಕಂಪನಿ ಕಟ್ಟಿತು, ಖಾಸಗಿಗೆ ಕೊಟ್ಟದ್ದು 1994ರಲ್ಲಿ. ಏರ್‌ಬಸ್ ಬೆಳೆದದ್ದು ಯುರೋಪಿನ ಸರ್ಕಾರಗಳ ಹಣದಲ್ಲಿ. ಈಗ ಅದೇ ಏರ್‌ಬಸ್ಸಿನ ಹೆಲಿಕಾಪ್ಟರ್ ಜೋಡಿಸಲು ಟಾಟಾದವರು ನಮ್ಮ ರಾಜ್ಯದ ಕೋಲಾರದ ವೇಮಗಲ್ಲನ್ನು ಆರಿಸಿಕೊಂಡಿದ್ದಾರೆ.

ನನ್ನ ಹೊಟ್ಟೆ ಉರಿಯುವುದು ಖರ್ಚು ಮಾಡಿದ್ದಕ್ಕಲ್ಲ, ನಡುವೆ ಕೈಬಿಟ್ಟದ್ದಕ್ಕೆ. ಮಾರುತ್ ಯುದ್ಧವಿಮಾನವನ್ನೇ ನೋಡಿ. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್‌ನವರು ರೂಪಿಸಿದ ಅದು 1961ರ ಜೂನ್‌ನಲ್ಲಿ ಹಾರಿತು. ಶಬ್ದದ ಎರಡು ಪಟ್ಟು ವೇಗ ಅದರ ಗುರಿ. ಅದಕ್ಕೆಂದು ಎಣಿಸಿದ್ದ ಬ್ರಿಟಿಷ್ ಎಂಜಿನ್ನನ್ನು ಪೂರ್ಣಗೊಳಿಸಲು ಹಣ ಹಾಕಬೇಕಾಗಿ ಬಂದಾಗ ನಮ್ಮವರು ಹಿಂದೆ ಸರಿದರು. ಕೊನೆಗೆ ಕಡಿಮೆ ಬಲದ ಎಂಜಿನ್ ಕೂರಿಸಿ ತೃಪ್ತಿಪಟ್ಟೆವು. 1971ರ ಯುದ್ಧದಲ್ಲಿ ರಾಜಸ್ಥಾನದ ಲೋಂಗೆವಾಲಾ ಕಡೆ ಹೋರಾಡಿದ ಆ ಒಳ್ಳೆಯ ವಿಮಾನ ತಕ್ಕ ಎಂಜಿನ್ನಿಲ್ಲದೆ ಸೊರಗಿತು. ಇಂದು ಎಚ್‌ಎಎಲ್‌ನ ತೇಜಸ್ ಯುದ್ಧವಿಮಾನ ಕೂಡ ಅಮೆರಿಕದ ಎಂಜಿನ್ನಿಗೆ ಕಾಯುತ್ತಿದೆ. ಅಂದು ಉಳಿಸಿದ ಹಣ ಉಳಿಯಿತೇ, ನೀವೇ ಹೇಳಿ.

ಕೊಬ್ಬರಿ ಧಾರಣೆ ಬಿದ್ದಾಗ ಸರ್ಕಾರದ ಪರವಾಗಿ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿ ಸಾಲದು, ಇನ್ನೂ ಕೊಳ್ಳಬೇಕು ಎಂದು ನೀವು ಬರೆದ ಪತ್ರವನ್ನು ನಾವು ಹೆಮ್ಮೆಯಿಂದ ಅಚ್ಚು ಹಾಕಿದ್ದೆವು. ಬೆಳೆಗಾರನಿಗೆ ಕೊಳ್ಳುವ ಭರವಸೆ ಬೇಕು ಎಂದು ಅಷ್ಟು ಚೆನ್ನಾಗಿ ವಾದಿಸಿದವರು, ಕಾರ್ಖಾನೆಯ ಮಾತು ಬಂದಾಗ ಬೇರೆ ತಕ್ಕಡಿ ಹಿಡಿಯಬಾರದು. ಬಿದರೆಹಳ್ಳ ಕಾವಲಿನಲ್ಲಿ 2016ರಲ್ಲಿ ಶಂಕುಸ್ಥಾಪನೆಯಾಯಿತು, ಉದ್ಘಾಟನೆ 2023ರ ಫೆಬ್ರುವರಿಯಲ್ಲಿ. ಸಿಯಾಚಿನ್ ಸೈನಿಕರಿಗೆ ಔಷಧ, ಆಹಾರ ಹೊರುವ ಹಳೆಯ ಚೀತಾ ಹೆಲಿಕಾಪ್ಟರುಗಳ ಜಾಗಕ್ಕೆ ಇಲ್ಲಿಯ ಹಗುರ ಹೆಲಿಕಾಪ್ಟರ್ ಹೋಗಬೇಕು. ಸೇನೆಯ ಬೇಡಿಕೆ ಹತ್ತಾರು ವರ್ಷ ಬಿಡದೆ ಬಂದರೆ ಮಾತ್ರ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯವರು ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಸಾಲ ತೆಗೆದು ಯಂತ್ರ ಹಾಕುತ್ತಾರೆ.

ಇನ್ನೊಂದು ಸಂಕಟ ಹೇಳದೆ ಮುಗಿಸಲಾರೆ. ನಮ್ಮ ಜಿಲ್ಲೆಯ ಒಂದು ಐಟಿಐಗೆ ಹೋಗಿದ್ದೆ. ಫಿಟ್ಟರ್ ಕಲಿಯುವ ಹುಡುಗರು ಕೆಟ್ಟ ಲೇತ್ ಸುತ್ತ ನಿಂತು ಪುಸ್ತಕದ ಚಿತ್ರ ನೋಡುತ್ತಿದ್ದರು. ಗುಬ್ಬಿ, ತುರುವೇಕೆರೆಯ ಮಕ್ಕಳು ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರರಾಗಿ ಉಳಿಯಬಾರದು. ಇದನ್ನು ಶಾಸಕರಿಗೆ ಕೇಳಿ ಸ್ವಾಮಿ, ನಿಮ್ಮ ಹರಿತ ಲೇಖನಿ ಅಲ್ಲಿ ಬೇಕಾಗಿದೆ.