ಓದುಗರ ಪ್ರಶ್ನೆ: ವೈಫೈ ಕಡ್ಡಿ ಪೂರ್ತಿ ಇದೆ, ನೆಟ್ ಇಲ್ಲ

ಪ್ರಶ್ನೆ: ಮನೆಗೆ ಫೈಬರ್ ಕನೆಕ್ಷನ್ ಇದೆ. ಸಂಜೆ ಹೊತ್ತು ನೆಟ್ ಪದೇ ಪದೇ ಕಟ್ ಆಗುತ್ತದೆ, ಆದರೆ ಫೋನಿನಲ್ಲಿ ವೈಫೈ ಕಡ್ಡಿಗಳು ಪೂರ್ತಿ ಇರುತ್ತವೆ. ರೌಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ರೀಸೆಟ್ ಮಾಡಿ ಎಂದು ನೆಂಟರು ಹೇಳುತ್ತಿದ್ದಾರೆ. ಮಾಡಬಹುದೇ?
— ಓದುಗರು, ಪುತ್ತೂರು

ಉತ್ತರ: ದಯವಿಟ್ಟು ಮಾಡಬೇಡಿ. ಆ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಕಂಪನಿಯವರು ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಕಂಪನಿಯ ಜಾಲಕ್ಕೆ ಸೇರಲು ಬೇಕಾದ ಗುರುತು) ಎಲ್ಲ ಅಳಿಸಿಹೋಗಬಹುದು. ಆಮೇಲೆ ಅವರೇ ಬಂದು ಹಾಕುವವರೆಗೆ ಈಗ ಬರುತ್ತಿರುವಷ್ಟು ನೆಟ್ ಕೂಡ ಇರುವುದಿಲ್ಲ. ಆಫ್ ಮಾಡಿ ಆನ್ ಮಾಡುವುದಕ್ಕೆ ಪವರ್ ಸ್ವಿಚ್ ಸಾಕು.

ಕಡ್ಡಿಗಳು ತೋರಿಸುವುದು ಫೋನಿಗೂ ರೌಟರಿಗೂ ನಡುವಿನ ಸಿಗ್ನಲ್ ಮಾತ್ರ. ರೌಟರಿನಿಂದಾಚೆ ಲೈನ್ ಸತ್ತಿದ್ದರೂ ಅವು ಪೂರ್ತಿ ಇರುತ್ತವೆ. ಹಾಗಾಗಿ ತೊಂದರೆ ಒಳಗೋ ಹೊರಗೋ ಎನ್ನುವುದು ಮೊದಲು ಗೊತ್ತಾಗಬೇಕು. ಕಟ್ ಆಗುವ ಹೊತ್ತಿಗೇ ವೈಫೈಗೆ ಸೇರಿಸಿದ ಲ್ಯಾಪ್‌ಟಾಪಿನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ (ವಿಂಡೋಸ್‌ನಲ್ಲಿ ಆದೇಶ ಬರೆಯುವ ಕಿಟಕಿ) ತೆರೆಯಿರಿ. ಒಂದರಲ್ಲಿ ರೌಟರಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1), ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಓಡಿಸಿ, ಅಂದರೆ ping -t ಎಂದು ಬರೆದು ಮುಂದೆ ವಿಳಾಸ ಹಾಕಿ; ಆ ಕಡೆಯಿಂದ ಉತ್ತರ ಬರುತ್ತಿದೆಯೇ ಎಂದು ಅದು ತೋರಿಸುತ್ತದೆ.

ರೌಟರಿನಿಂದಲೇ ಉತ್ತರ ತಪ್ಪುತ್ತಿದ್ದರೆ ತೊಂದರೆ ವೈಫೈಯದು. ಸಂಜೆ ಅಕ್ಕಪಕ್ಕದ ಮನೆಗಳ ರೌಟರುಗಳೆಲ್ಲ ಒಟ್ಟಿಗೆ ದುಡಿಯುತ್ತವೆ. ವೈಫೈಯ ಒಂದು ತರಂಗ ಪಟ್ಟಿಯಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಬ್ರೌಸರಿನಲ್ಲಿ ರೌಟರಿನ ವಿಳಾಸ ಹಾಕಿದರೆ ತೆರೆಯುವ ರೌಟರ್ ಪೇಜಿನಲ್ಲಿ 'ಆಟೋ' ತೆಗೆದು ಇವುಗಳಲ್ಲಿ ಖಾಲಿ ಇರುವುದನ್ನು ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. ರೌಟರ್ ಇರುವ ಕೋಣೆಯಲ್ಲಿ 5 ಗಿಗಾಹರ್ಟ್ಸ್ ಬಳಸುವುದು ಇನ್ನೂ ಒಳ್ಳೆಯದು, ಆದರೆ ಅದು ಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ಸೊರಗುತ್ತದೆ. ಟಿವಿ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ರೌಟರ್ ಇಡಬೇಡಿ.

ರೌಟರ್ ಸರಿಯಾಗಿ ಉತ್ತರಿಸುತ್ತಿದ್ದು 8.8.8.8 ಮಾತ್ರ ತಪ್ಪಿದರೆ ತೊಂದರೆ ಹೊರಗಿನದು. ಈಗ ದೀಪ ನೋಡಿ. 'ಎಲ್‌ಒಎಸ್' (ಸಿಗ್ನಲ್ ಕಳೆದುಹೋಗಿದೆ ಎಂದು ತೋರಿಸುವ ದೀಪ) ಕೆಂಪಗಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಕೆಂಪಾಗದಿದ್ದರೂ ರೌಟರ್ ಪೇಜಿನಲ್ಲಿ ಆಪ್ಟಿಕಲ್ ಆರ್‌ಎಕ್ಸ್ ಪವರ್ (ರೌಟರಿಗೆ ಬಂದು ತಲುಪುವ ಬೆಳಕಿನ ಬಲ, ಡಿಬಿಎಂ ಲೆಕ್ಕದಲ್ಲಿ) ಎಷ್ಟೆಂದು ನೋಡಿ. ಮೈನಸ್ 20ರ ಆಸುಪಾಸು ಚೆನ್ನ, ಮೈನಸ್ 27 ದಾಟಿದರೆ ಲೈನ್ ನಿಲ್ಲುವುದು ಕಷ್ಟ. ಕಂಪನಿಗೆ ದೂರು ಕೊಡುವಾಗ ಈ ಅಂಕಿಯನ್ನೂ ಕಟ್ ಆದ ಸಮಯವನ್ನೂ ಹೇಳಿ. ಬರೀ 'ನೆಟ್ ಸ್ಲೋ' ಎಂದರೆ ಅವರೂ ಆಫ್ ಮಾಡಿ ಆನ್ ಮಾಡಿ ಎಂದಷ್ಟೇ ಹೇಳುತ್ತಾರೆ.

ಗೋಡೆಯಿಂದ ರೌಟರಿಗೆ ಬರುವ ತೆಳು ಫೈಬರ್ ಬಾಗಿಲ ಸಂದಿಗೆ ಸಿಕ್ಕಿದೆಯೇ, ಮಡಿಸಿ ಕಟ್ಟಿದ್ದಾರೆಯೇ ನೋಡಿ. ಸುತ್ತಿ ಇಡುವುದಿದ್ದರೆ ಸುರುಳಿ ಅಂಗೈಯಷ್ಟಾದರೂ ಅಗಲ ಇರಲಿ. ಬಿಗಿಯಾಗಿ ಬಾಗಿದಲ್ಲಿ ಬೆಳಕು ಸೋರುತ್ತದೆ. ಅದನ್ನು ಕಿತ್ತು ತುದಿಯೊಳಗೆ ಇಣುಕಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಕತ್ತಲಿದೆ ಎಂದರೆ ಬೆಳಕಿಲ್ಲ ಎಂದಲ್ಲ. ತುದಿಯನ್ನು ಬಟ್ಟೆಗೆ ಒರೆಸುವುದೂ ಬೇಡ.

ದೀಪಗಳೆಲ್ಲ ಒಟ್ಟಿಗೇ ಆರಿ ಮತ್ತೆ ಹತ್ತುತ್ತಿದ್ದರೆ ಅನುಮಾನ ಅಡಾಪ್ಟರಿನ ಮೇಲೆ. ಹೊಸದು ತರುವಾಗ ರೌಟರಿನ ಅಡಿಯಲ್ಲಿ ಬರೆದ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು. 9 ವೋಲ್ಟ್ ರೌಟರಿಗೆ 12 ವೋಲ್ಟ್ ಅಡಾಪ್ಟರ್ ಚುಚ್ಚಿದರೆ ಸುಟ್ಟುಹೋಗಬಹುದು. ಪಿನ್ ಕೂತ ಮಾತ್ರಕ್ಕೆ ಹೊಂದುತ್ತದೆ ಎಂದುಕೊಳ್ಳಬೇಡಿ.

ಪ್ರಶ್ನೆ: ಆಫೀಸಿನ ಹಿಂದಿನ ಕೋಣೆಗೆ ಹಳೆ ರೌಟರ್ ಜೋಡಿಸಿದ ದಿನದಿಂದ ಕೆಲವು ಕಂಪ್ಯೂಟರುಗಳಿಗೆ ನೆಟ್ ಸಿಗುತ್ತಿಲ್ಲ. ಯಾಕೆ?
— ಓದುಗರು, ದಾವಣಗೆರೆ

ಉತ್ತರ: ಎರಡೂ ರೌಟರುಗಳು ವಿಳಾಸ ಹಂಚುತ್ತಿರುವ ಸಾಧ್ಯತೆಯೇ ಹೆಚ್ಚು. ಹಳೆಯದರಿಂದ ವಿಳಾಸ ಪಡೆದ ಕಂಪ್ಯೂಟರ್ ನೆಟ್‌ಗಾಗಿ ಅದರ ಬಳಿಗೇ ಹೋಗುತ್ತದೆ, ಅಲ್ಲಿ ದಾರಿಯಿಲ್ಲ. ಹಳೆ ರೌಟರನ್ನು ಬೇರ್ಪಡಿಸಿ ಒಂದು ಲ್ಯಾಪ್‌ಟಾಪಿಗೆ ಮಾತ್ರ ಸೇರಿಸಿ. ಮೊದಲನೆಯದು 192.168.1.1 ಆಗಿದ್ದು ಅದು ಹಂಚುವ ಪಟ್ಟಿಯಲ್ಲಿ 192.168.1.2 ಇಲ್ಲದಿದ್ದರೆ, ಹಳೆಯದಕ್ಕೆ ಆ ವಿಳಾಸ ಕೊಡಿ. ಡಿಎಚ್‌ಸಿಪಿ (ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ವೈಫೈಗೆ ಡಬ್ಲ್ಯುಪಿಎ2 (ವೈಫೈ ಭದ್ರತೆಯ ವಿಧಾನ) ಪಾಸ್‌ವರ್ಡ್ ಹಾಕಿ, ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಸಂಖ್ಯೆಯಿಂದ ವೈಫೈಗೆ ಸೇರಿಸುವ ಸೌಲಭ್ಯ) ಆಫ್ ಮಾಡಿ. ಆಮೇಲೆ ಮುಖ್ಯ ರೌಟರಿನ ಲ್ಯಾನ್‌ನಿಂದ ಹಳೆಯದರ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ. ಹಳೆಯದರ ವ್ಯಾನ್ ಪೋರ್ಟ್ (ಹೊರಗಿನ ನೆಟ್ ಲೈನ್ ಸೇರಿಸುವ ಜಾಗ) ಖಾಲಿ ಇರಲಿ.

ಪ್ರಶ್ನೆ: ಗುಡುಗು ಮಳೆ ಬಂದಾಗ ಫೈಬರ್ ರೌಟರಿಗೂ ಅಪಾಯವಿದೆಯೇ?
— ಓದುಗರು, ಸಾಗರ

ಉತ್ತರ: ಇದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಕಂಬದಿಂದ ಬರುವ ಕೇಬಲಿಗೆ ಆಧಾರದ ಸ್ಟೀಲ್ ತಂತಿ ಇರಬಹುದು. ಸಿಡಿಲಿನ ಹೊಡೆತ ಕರೆಂಟ್ ಲೈನಿನಿಂದ ಅಡಾಪ್ಟರ್ ಮೂಲಕ, ತಾರಸಿ ಮೇಲೆ ಎಳೆದ ಲ್ಯಾನ್ ಕೇಬಲಿನ ಮೂಲಕವೂ ಬರುತ್ತದೆ. ಮೋಡ ಕಟ್ಟಿದಾಗಲೇ ಅಡಾಪ್ಟರನ್ನೂ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಸಿಡಿಲು ಶುರುವಾದ ಮೇಲೆ ಕೀಳಲು ಹೋಗಬೇಡಿ, ರೌಟರ್ ಹೋದರೂ ಹೋಗಲಿ.