ಚಿನ್ನ ಹುಡುಕುವ ಡಿಟೆಕ್ಟರ್‌ಗಳಲ್ಲಿ ಕೆಡದೆ ಬಾಳುವುದು ಯಾವುದು? ಯಾರ ವಾರಂಟಿಯನ್ನು ನಂಬಬಹುದು?

ರಾಯದುರ್ಗದ ಕಡೆಯವರಾದ ನೀವು, ಒಂದೂವರೆ ಲಕ್ಷ ರೂಪಾಯಿಯೊಳಗೆ ಸಿಗುವ ಡಿಟೆಕ್ಟರ್‌ಗಳಲ್ಲಿ ಗಟ್ಟಿಯಾದದ್ದು ಯಾವುದು, ಯಾವ ಕಂಪೆನಿ ವಾರಂಟಿಯ ಮಾತಿಗೆ ನಿಲ್ಲುತ್ತದೆ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಬ್ಬ ಮಾರಾಟಗಾರರ ಮುಂದೆ ಕುಳಿತು ನಾನು ಕೇಳಿದ್ದೂ ಇದನ್ನೇ. ಅವರು ಒಂದು ಮಾದರಿಯ ಹೆಸರು ಹೇಳಿದರು, ನಾನು ಕೊಂಡೆ.

ನನ್ನ ಊರು ಮಡಕಶಿರಾ ತಾಲ್ಲೂಕಿನಲ್ಲಿದೆ. ನೆಲದ ವಿದ್ಯುತ್ ತಡೆ ಅಳೆಯುವ ರೆಸಿಸ್ಟಿವಿಟಿ ಮೀಟರ್ ಇಟ್ಟುಕೊಂಡು ರೈತರ ಹೊಲಗಳಲ್ಲಿ ಬೋರ್‌ವೆಲ್ ಪಾಯಿಂಟ್ ಗುರುತಿಸುವುದು ನನ್ನ ಜೀವನೋಪಾಯ. ನಮ್ಮ ಜಿಲ್ಲೆಯಲ್ಲೇ ಇರುವ ರಾಮಗಿರಿಯ ಚಿನ್ನದ ಅದಿರಿನ ಪಟ್ಟಿ ನಿಮಗೂ ಗೊತ್ತಿರುತ್ತದೆ. ಹಿಂದಿನವರು ತೋಡಿದ ಹಳೆಯ ಕುಳಿಗಳು ಅಲ್ಲಿವೆ, ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯೂ ಅಲ್ಲಿ ಗಣಿ ನಡೆಸಿತ್ತು. ಆ ಕಡೆ ಪರವಾನಗಿ ಪಡೆದು ಶೋಧ ನಡೆಸುತ್ತಿದ್ದ ಸಂಸ್ಥೆಯೊಂದಕ್ಕೆ ಕಲ್ಲು ಮಣ್ಣಿನ ಮಾದರಿ ಕೂಡಿಸಿ ಕೊಡುತ್ತಿದ್ದ ಗುತ್ತಿಗೆದಾರರು, ಸ್ವಂತ ಡಿಟೆಕ್ಟರ್ ಇದ್ದರೆ ನನ್ನನ್ನೂ ಯಂತ್ರವನ್ನೂ ದಿನಬಾಡಿಗೆಗೆ ತೆಗೆದುಕೊಳ್ಳುವುದಾಗಿ ಹೇಳಿದರು. ಮಳೆ ಕೈಕೊಟ್ಟ ವರ್ಷ ಬೋರ್ ಪಾಯಿಂಟ್ ಕೆಲಸಕ್ಕೆ ಕರೆ ಹೆಚ್ಚುತ್ತದೆ, ಹಣ ಮಾತ್ರ ಬರುವುದಿಲ್ಲ. ಆದ್ದರಿಂದ ಈ ಬಾಡಿಗೆಯ ಮಾತು ನನಗೆ ಹಿಡಿಸಿತು. ಕಬ್ಬಿಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಒಂದೇ ಆವರ್ತದ ವಿಎಲ್‌ಎಫ್ (ಅತಿ ಕಡಿಮೆ ಆವರ್ತದ) ಯಂತ್ರಗಳು ಲೋಹವಿಲ್ಲದಿದ್ದರೂ ಮಣ್ಣಿನಲ್ಲಿರುವ ಕಬ್ಬಿಣಕ್ಕೇ ಕೂಗಿಕೊಳ್ಳುತ್ತವೆ ಎಂಬ ಕಾರಣಕ್ಕೆ, ದುಬಾರಿಯಾದರೂ ಮಿಡಿತಗಳಲ್ಲಿ ಕೆಲಸ ಮಾಡುವ ಪಲ್ಸ್ ಇಂಡಕ್ಷನ್ ಬಗೆಯ ಯಂತ್ರವನ್ನೇ ಆರಿಸಿಕೊಂಡೆ. ಕಂಟ್ರೋಲ್ ಬಾಕ್ಸ್‌ಗೆ ಎರಡು ವರ್ಷ, ನೆಲದ ಮೇಲೆ ಬೀಸುವ ತಂತಿಸುರುಳಿಯ ತಟ್ಟೆಗೆ, ಅಂದರೆ ಕಾಯಿಲ್‌ಗೆ, ಒಂದು ವರ್ಷ ವಾರಂಟಿ ಎಂದು ಪುಸ್ತಕದಲ್ಲಿ ಬರೆದಿತ್ತು. ಕಾಯಿಲ್‌ಗೆ ಬೇರೆ ಅವಧಿ ಇಟ್ಟದ್ದೇಕೆ ಎಂದು ಆ ದಿನ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ ಯಂತ್ರ ತೊಂದರೆ ಕೊಡಲಾರಂಭಿಸಿತು. ಕಾಯಿಲನ್ನು ನೆಲದ ಮೇಲೆ ಎಡಕ್ಕೂ ಬಲಕ್ಕೂ ಬೀಸುವಾಗ, ಬೀಸು ತಿರುಗುವ ಜಾಗದಲ್ಲಿ ಲೋಹ ಸಿಕ್ಕಂತೆಯೇ ಸದ್ದು ಬರುತ್ತಿತ್ತು. ಅಗೆದರೆ ಏನೂ ಇರುತ್ತಿರಲಿಲ್ಲ. ರಾಮಗಿರಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ, ಅವುಗಳಿಂದ ವಿದ್ಯುತ್ ಸಾಗಿಸುವ ತಂತಿಗಳಿವೆ. ಇಂಥ ಯಂತ್ರಕ್ಕೆ ಹೈಟೆನ್ಷನ್ ತಂತಿ, ಬೋರ್ ಮೋಟರಿನ ಸ್ಟಾರ್ಟರ್, ಜೇಬಿನಲ್ಲಿರುವ ಮೊಬೈಲ್ ಎಲ್ಲವೂ ಶತ್ರುಗಳೇ. ಹೀಗಾಗಿ ದೋಷವನ್ನು ಅವುಗಳ ಮೇಲೆ ಹೊರಿಸಿ, ತಂತಿಗಳಿಲ್ಲದ ಬಯಲಿಗೆ ಹೋಗಿ ನೋಡಿದೆ. ಅಲ್ಲಿಯೂ ಸದ್ದು ನಿಲ್ಲಲಿಲ್ಲ. ಯಂತ್ರವನ್ನು ಆ ಮಣ್ಣಿಗೆ ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್ ಮತ್ತೆ ಮಾಡಿದೆ, ಬ್ಯಾಟರಿ ಬದಲಿಸಿದೆ, ಸಂವೇದನೆಯ ಮಟ್ಟ ಇಳಿಸಿದೆ. ಸದ್ದು ಸಣ್ಣದಾಯಿತೇ ಹೊರತು ಹೋಗಲಿಲ್ಲ.

ನನಗೆ ದುಬಾರಿಯಾದ ತಪ್ಪು ನಡೆದದ್ದು ಇಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕೈಗೆ ಸ್ಕ್ರೂಡ್ರೈವರ್ ಅಭ್ಯಾಸವಿರುವ ಯಾರಿಗಾದರೂ ಇದು ಆಗಬಹುದು.

ನನ್ನ ರೆಸಿಸ್ಟಿವಿಟಿ ಮೀಟರನ್ನು ನಾನೇ ಬಿಚ್ಚಿ, ನಾನೇ ಬೆಸುಗೆ ಹಾಕಿ ವರ್ಷಗಟ್ಟಲೆ ನಡೆಸಿಕೊಂಡು ಬಂದವನು. ಆ ಮೀಟರಿಗೆ ವಾರಂಟಿ ಕೊಟ್ಟವರೂ ಇಲ್ಲ, ಕೇಳಿದವರೂ ಇಲ್ಲ. ಹಾಗಾಗಿ ಡಿಟೆಕ್ಟರ್ ಕೆಟ್ಟಾಗಲೂ, ದೋಷ ಇರುವುದು ಕಂಟ್ರೋಲ್ ಬಾಕ್ಸ್‌ನೊಳಗಿನ ಬೋರ್ಡಿನಲ್ಲೇ ಎಂದು ನನ್ನ ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿತು. ಕಂಟ್ರೋಲ್ ಬಾಕ್ಸ್‌ನ ಒಂದು ಸ್ಕ್ರೂವಿನ ಮೇಲೆ ಸಣ್ಣ ಕಾಗದದ ಸೀಲು ಅಂಟಿಸಿದ್ದರು. ಅದನ್ನು ಸೀಳಿ ಪೆಟ್ಟಿಗೆ ತೆರೆದೆ. ಒಳಗೆ ಸುಟ್ಟ ಗುರುತಿರಲಿಲ್ಲ, ಸಡಿಲವಾದ ತಂತಿಯಿರಲಿಲ್ಲ, ತೇವವಿರಲಿಲ್ಲ. ಕನೆಕ್ಟರ್‌ಗಳನ್ನು ಒರೆಸಿ ಮತ್ತೆ ಮುಚ್ಚಿದೆ. ಮುಚ್ಚುವಾಗ, ನೀರು ಹೋಗದಂತೆ ಅಂಚಿಗಿಟ್ಟಿದ್ದ ರಬ್ಬರಿನ ಗ್ಯಾಸ್ಕೆಟ್ ತನ್ನ ತೋಡಿನಲ್ಲಿ ಸರಿಯಾಗಿ ಕೂರಲಿಲ್ಲ. ಅದರ ಮೇಲೆ ಸಿಲಿಕೋನ್ ಹಚ್ಚಿದೆ. ಆ ಸಿಲಿಕೋನ್ ಮುಂದೆ ಸರ್ವಿಸ್ ಸೆಂಟರಿನವರ ಕ್ಯಾಮೆರಾಗೆ ಬಹಳ ಚೆನ್ನಾಗಿ ಕಂಡಿತು.

ಪಲ್ಸ್ ಇಂಡಕ್ಷನ್ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಅರ್ಥ ಮಾಡಿಕೊಂಡಿದ್ದರೆ ನಾನು ಪೆಟ್ಟಿಗೆಯ ಹತ್ತಿರವೂ ಹೋಗುತ್ತಿರಲಿಲ್ಲ. ಯಂತ್ರವು ಕಾಯಿಲ್‌ಗೆ ವಿದ್ಯುತ್ತಿನ ಒಂದು ಚಿಕ್ಕ ಮಿಡಿತ ಕೊಟ್ಟು, ತಟ್ಟನೆ ಕಡಿದು, ಮಣ್ಣಿನೊಳಗಿನ ಲೋಹದಲ್ಲಿ ಹುಟ್ಟಿದ ಸುಳಿಪ್ರವಾಹ (ಸುಳಿಯಂತೆ ಸುತ್ತುವ ವಿದ್ಯುತ್ತು) ಕ್ಷೀಣಿಸುವುದನ್ನು ಅದೇ ಕಾಯಿಲ್‌ನಿಂದ ಕೇಳಿಸಿಕೊಳ್ಳುತ್ತದೆ. ಸಣ್ಣ ಚಿನ್ನದ ತುಣುಕಿನ ಉತ್ತರ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಅಷ್ಟು ಸೂಕ್ಷ್ಮವಾದ ದನಿ ಸಾಗಿ ಬರುವ ಕೇಬಲ್ಲಿನಲ್ಲಿ ಒಂದು ಎಳೆ ಮುರಿದು, ಬೀಸುವಾಗ ತಾಗಿ ಬಿಡುತ್ತಿದ್ದರೆ, ಆ ತಾಗು ಯಂತ್ರಕ್ಕೆ ಲೋಹದಂತೆಯೇ ಕೇಳಿಸುತ್ತದೆ. ಬೀಸು ತಿರುಗುವ ಜಾಗದಲ್ಲಿ ಕೇಬಲ್ ಬಾಗುತ್ತದೆ; ಸದ್ದು ಬರುತ್ತಿದ್ದದ್ದೂ ಅಲ್ಲಿಯೇ. ಪೆಟ್ಟಿಗೆಯಲ್ಲಿ ದೋಷವಿದ್ದರೆ ಕಾಯಿಲ್ ಅಲುಗದೆ ಇರುವಾಗಲೂ ಅದು ಕಾಣಿಸಬೇಕಿತ್ತು. ಕಾಯಿಲನ್ನು ಮರದ ಬೆಂಚಿನ ಮೇಲೆ ಅಲುಗದಂತೆ ಇಟ್ಟು, ಕೇಬಲ್ಲನ್ನು ಮಾತ್ರ ಪ್ಲಗ್ಗಿನ ಬುಡದಿಂದ ಸ್ವಲ್ಪಸ್ವಲ್ಪವಾಗಿ ಬಾಗಿಸುತ್ತ ಬಂದಿದ್ದರೆ ದೋಷ ಇರುವ ಜಾಗ ಗೊತ್ತಾಗುತ್ತಿತ್ತು. ಅದಕ್ಕೆ ಯಾವ ಸೀಲನ್ನೂ ಒಡೆಯಬೇಕಾಗಿರಲಿಲ್ಲ.

ಇದು ಬೆಳಕಿಗೆ ಬಂದದ್ದು ಆಮೇಲೆ. ಗುತ್ತಿಗೆದಾರರ ಜೊತೆಗಿದ್ದ ಭೂವಿಜ್ಞಾನಿಯೊಬ್ಬರ ಬಳಿ ಇದೇ ಮಾದರಿಯ ಯಂತ್ರವಿತ್ತು. ಅವರು ತಮ್ಮ ಕಾಯಿಲನ್ನು ನನ್ನ ಪೆಟ್ಟಿಗೆಗೆ ಸಿಕ್ಕಿಸಿದರು, ಯಂತ್ರ ತಣ್ಣಗಾಯಿತು. ನನ್ನ ಕಾಯಿಲನ್ನು ಅವರ ಪೆಟ್ಟಿಗೆಗೆ ಸಿಕ್ಕಿಸಿದರು, ಅವರದು ಕಿರುಚಿತು. ಕಾಯಿಲ್‌ನ ವಾರಂಟಿ ಇನ್ನೂ ಮುಗಿದಿರಲಿಲ್ಲ. ಕಾಯಿಲ್ ಒಂದನ್ನೇ ಕಳುಹಿಸುತ್ತೇನೆ ಎಂದರೆ ಮಾರಾಟಗಾರರು ಒಪ್ಪಲಿಲ್ಲ, ಇಡೀ ಸೆಟ್ ಕಳುಹಿಸಬೇಕು ಎಂದರು. ಕಳುಹಿಸಿದೆ. ಸೀಳಿದ ಸೀಲಿನ, ಸಿಲಿಕೋನ್ ಹಚ್ಚಿದ ಅಂಚಿನ ಫೋಟೊ ತೆಗೆದು, ಯಂತ್ರವನ್ನು ಬಿಚ್ಚಲಾಗಿದೆ, ಆದ್ದರಿಂದ ಯಾವ ಭಾಗಕ್ಕೂ ವಾರಂಟಿ ಅನ್ವಯಿಸುವುದಿಲ್ಲ ಎಂದು ಉತ್ತರ ಕೊಟ್ಟರು. ಯಂತ್ರ ಹಿಂತಿರುಗಿದ ಮೇಲಿನ ಮಳೆಯಲ್ಲಿ, ನಾನು ಕೂರಿಸಿದ್ದ ಗ್ಯಾಸ್ಕೆಟ್ಟಿನ ಸಂದಿಯಿಂದ ತೇವ ಒಳಸೇರಿ ಬೋರ್ಡು ನಿಜವಾಗಿಯೂ ಕೆಟ್ಟಿತು. ಅದಕ್ಕೆ ತೆತ್ತ ಹಣ ಸಂಪೂರ್ಣವಾಗಿ ನನ್ನ ಕೈಯಿಂದಲೇ ಹೋಯಿತು, ಹೋಗಬೇಕಾದದ್ದೂ ನ್ಯಾಯವೇ. ಆದರೆ ಕಾಯಿಲ್ ವಿಷಯದಲ್ಲಿ ನನ್ನ ನಿಲುವು ಇಂದಿಗೂ ಬದಲಾಗಿಲ್ಲ. ಕಾಯಿಲ್ ಎಂದರೆ ಅಂಟು ಸುರಿದು ಮುಚ್ಚಿದ ಬೇರೆಯೇ ವಸ್ತು, ಅದನ್ನು ನಾನು ಮುಟ್ಟಿರಲಿಲ್ಲ. ಪೆಟ್ಟಿಗೆಯ ಸೀಲು ಹರಿದಿದೆ ಎಂದು ಕಾಯಿಲ್‌ನ ವಾರಂಟಿಯನ್ನು ತಳ್ಳಿಹಾಕುವುದು ಅನ್ಯಾಯ.

ನೀವೂ ನನ್ನಂತೆ ಕರ್ನಾಟಕದ ಗಡಿಯಾಚೆ, ಆಂಧ್ರದವರಾದ್ದರಿಂದ ಮುಂದಿನ ಭಾಗ ನಿಮಗೆ ಹೆಚ್ಚು ಉಪಯೋಗಕ್ಕೆ ಬರಬಹುದು. ಬಿಲ್ಲು ಬೆಂಗಳೂರಿನದು, ಜಗಳವಿದ್ದರೆ ಬೆಂಗಳೂರಿಗೆ ಬಂದು ಕೇಸು ಹಾಕಿ ಎಂದು ಮಾರಾಟಗಾರರು ಹೇಳಿದರು. ಬಿಲ್ಲಿನ ಕೆಳಗೂ ಹಾಗೆಯೇ ಅಚ್ಚಾಗಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಮೊದಲು 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದೆ, ಅದರಿಂದ ಕೆಲಸವಾಗದಿದ್ದಾಗ ಅನಂತಪುರದ ಆಯೋಗಕ್ಕೆ ಇ-ದಾಖಿಲ್ ಎಂಬ ಆನ್‌ಲೈನ್ ತಾಣದ ಮೂಲಕ ಅರ್ಜಿ ಹಾಕಿದೆ. ಈಗ ಅದರ ಜಾಗಕ್ಕೆ ಇ-ಜಾಗೃತಿ ಬಂದಿದೆ.

ಅಲ್ಲಿ ಎದುರುಪಕ್ಷದ ವಕೀಲರು ನನಗೆ ಹೊಳೆಯದೇ ಇದ್ದ ಒಂದು ವಾದ ತೆಗೆದರು. ಈತ ಯಂತ್ರವನ್ನು ಬಾಡಿಗೆಗೆ ಓಡಿಸುತ್ತಾನೆ, ಇದು ವಾಣಿಜ್ಯ ಉದ್ದೇಶದ ಖರೀದಿ, ಆದ್ದರಿಂದ ಈತ ಗ್ರಾಹಕನೇ ಅಲ್ಲ ಎಂದರು. ವಾಣಿಜ್ಯಕ್ಕಾಗಿ ಕೊಂಡವರನ್ನು ಕಾಯ್ದೆ ಹೊರಗಿಡುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡು ಬಳಸಿದ್ದನ್ನು ವಾಣಿಜ್ಯ ಎಂದು ಎಣಿಸಬಾರದು ಎಂದು ಅದೇ ಕಾಯ್ದೆಯ ವಿವರಣೆ ಹೇಳುತ್ತದೆ. ನನಗೆ ಆಳುಗಳಿಲ್ಲ, ಎರಡನೆಯ ಯಂತ್ರವಿಲ್ಲ, ಯಂತ್ರ ಹಿಡಿದು ನಡೆಯುವವನು ನಾನೇ ಎಂದು ಬರೆದುಕೊಟ್ಟೆ. ಭೂವಿಜ್ಞಾನಿಯವರು ಕಾಯಿಲ್ ಅದಲುಬದಲು ಮಾಡಿ ಪರೀಕ್ಷಿಸಿದ್ದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರು, ಅದನ್ನೂ ಕೊಟ್ಟೆ. ಕೊನೆಗೆ ಮಧ್ಯಸ್ಥಿಕೆಯಲ್ಲಿ ರಾಜಿಯಾಗಿ, ಅವರು ಹೊಸ ಕಾಯಿಲ್ ಕೊಟ್ಟರು. ಬೋರ್ಡಿನ ಖರ್ಚು ನನಗೇ ಉಳಿಯಿತು.

ಇಷ್ಟು ಕಂಡವನಾಗಿ ಹೇಳುವುದಾದರೆ, ಯಾವ ಮಾದರಿ ಕೆಡುವುದಿಲ್ಲ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಾಯಿಲ್, ಕೇಬಲ್, ಪ್ಲಗ್, ಬ್ಯಾಟರಿ ಇವುಗಳ ಮೇಲೆಯೇ ದಿನದ ದಣಿವೆಲ್ಲ ಬೀಳುವುದು. ಹೆಸರಾಂತ ಕಂಪೆನಿಯ ಯಂತ್ರವಾದರೂ ಮೊದಲು ಸೋಲುವುದು ಅಲ್ಲಿಯೇ. ಕಾಯಿಲ್ ನೀರಿನಲ್ಲಿ ಮುಳುಗಬಹುದು ಎಂದು ಬರೆದಿದ್ದರೆ ಅದು ಕಾಯಿಲ್‌ಗೆ ಮಾತ್ರ ಸಂಬಂಧಿಸಿದ ಮಾತು. ಪೆಟ್ಟಿಗೆಗೂ ಅನ್ವಯಿಸುತ್ತದೆಯೇ ಎಂಬುದನ್ನು ಪುಸ್ತಕದಲ್ಲಿ ಬೇರೆಯಾಗಿ ಹುಡುಕಿ ನೋಡಬೇಕು.

ವಾರಂಟಿಯೂ ಹೀಗೆಯೇ. ಕಾಗದದ ಮೇಲೆ ಅದು ಕಂಪೆನಿಯದು, ನೆಲದ ಮೇಲೆ ಅದು ನಿಮಗೆ ಬಿಲ್ಲು ಕೊಟ್ಟವರದು. ವಿದೇಶದಿಂದ ಯಾರದೋ ಸಾಮಾನಿನ ಪೆಟ್ಟಿಗೆಯಲ್ಲಿ ಬಂದ ಯಂತ್ರ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ನೀವು ಬರೆದಿದ್ದೀರಿ. ದಯವಿಟ್ಟು ಅದನ್ನು ಕೊಳ್ಳಬೇಡಿ. ಡಿಟೆಕ್ಟರ್ ತಯಾರಿಸುವ ಮಿನೆಲ್ಯಾಬ್‌ಗೆ ಒಡೆಯನಾದ ಆಸ್ಟ್ರೇಲಿಯಾದ ಕೊಡಾನ್ ಕಂಪೆನಿಯ ಕಂಪ್ಯೂಟರಿಗೆ ಕನ್ನ ಹಾಕಿ ಡಿಟೆಕ್ಟರಿನ ವಿನ್ಯಾಸ ಕದ್ದು, ಅದರ ನಕಲುಗಳನ್ನು ಆಫ್ರಿಕಾದ ಮಾರುಕಟ್ಟೆಗೆ ಬಿಟ್ಟಿದ್ದ ಸಂಗತಿ 2015ರಲ್ಲಿ ಸುದ್ದಿಯಾಗಿತ್ತು. ನಕಲಿ ಯಂತ್ರ ಹೊರಗಿನಿಂದ ಅಸಲಿಯಂತೆಯೇ ಇರುತ್ತದೆ, ಅದರ ಸೀರಿಯಲ್ ನಂಬರಿಗೆ ಮಾತ್ರ ಎಲ್ಲಿಯೂ ಬೆಲೆಯಿಲ್ಲ. ಅಸಲಿ ಕಂಪೆನಿಯೂ ಶಾಶ್ವತವಲ್ಲ: ಅಮೆರಿಕದ ಓರೆಗಾನ್‌ನಲ್ಲಿ 1950ರಿಂದ ಡಿಟೆಕ್ಟರ್ ತಯಾರಿಸುತ್ತಿದ್ದ ವೈಟ್ಸ್ ಎಲೆಕ್ಟ್ರಾನಿಕ್ಸ್ 2020ರಲ್ಲಿ ಬಾಗಿಲು ಮುಚ್ಚಿತು. ಹಾಗಾಗಿ ಬಿಡಿಭಾಗ, ಅದರಲ್ಲೂ ಕಾಯಿಲ್, ಭಾರತದಲ್ಲಿ ಯಾರ ಬಳಿ ದಾಸ್ತಾನು ಇದೆ ಎಂಬುದು ಮಾದರಿಯ ಹೆಸರಿಗಿಂತ ಮುಖ್ಯ.

ಇನ್ನೊಂದು ವಿಷಯ, ಇದು ನಿಮಗೆ ರುಚಿಸದಿರಬಹುದು. ನಮ್ಮ ಕಡೆಯ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಬಹುಮಟ್ಟಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿಕೊಂಡಿರುತ್ತದೆ, ಟನ್ ಕಲ್ಲಿಗೆ ಕೆಲವೇ ಗ್ರಾಂ. ಅಂಥ ಕಣಗಳಲ್ಲಿ ಸುಳಿಪ್ರವಾಹ ಯಂತ್ರಕ್ಕೆ ಕೇಳಿಸುವಷ್ಟು ಹೊತ್ತು ಉಳಿಯುವುದೇ ಇಲ್ಲ. ಎಷ್ಟೇ ದುಬಾರಿ ಯಂತ್ರವಾದರೂ ಅವುಗಳ ಮೇಲೆ ಸುಮ್ಮನೆ ಹಾದುಹೋಗುತ್ತದೆ. ಇದನ್ನು ತಿಳಿಯದೆ, ಯಂತ್ರ ಕೆಟ್ಟಿದೆ ಎಂದು ಸರ್ವಿಸ್‌ಗೆ ಕಳುಹಿಸಿ, ಸರಿಯಾಗಿಯೇ ಇದೆ ಎಂಬ ಚೀಟಿಯೊಂದಿಗೆ ವಾಪಸ್ ಪಡೆದವರನ್ನು ನಾನು ಬಲ್ಲೆ. ಇದರ ಮೇಲೆ ಕಾನೂನು ಬೇರೆ ಇದೆ. ಹೊಲ ನಿಮ್ಮದೇ ಆಗಿದ್ದರೂ ಪರವಾನಗಿಯಿಲ್ಲದೆ ಖನಿಜ ಶೋಧ ಮಾಡುವುದನ್ನು 1957ರ ಗಣಿ ಮತ್ತು ಖನಿಜ ಕಾಯ್ದೆಯ 4ನೆಯ ಕಲಮು ತಡೆಯುತ್ತದೆ. ಹೂತಿಟ್ಟ ನಿಧಿಯಂಥದ್ದೇನಾದರೂ ಸಿಕ್ಕಿ ಅದರ ಬೆಲೆ 10 ರೂಪಾಯಿ ದಾಟಿದರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಕಾಯ್ದೆಯಿದೆ. ನಾಳೆ ಗ್ರಾಹಕ ಆಯೋಗದ ಮುಂದೆ ನಿಂತಾಗ ಈ ಯಂತ್ರವನ್ನು ಎಲ್ಲಿ, ಏತಕ್ಕೆ ಬಳಸಿದಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ನನ್ನ ಬಳಿ ಗುತ್ತಿಗೆದಾರರ ಪತ್ರವಿತ್ತು. ನಿಮ್ಮ ಬಳಿ ಏನಿರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಿ.

ಇಷ್ಟಾದ ಮೇಲೂ ಕೊಳ್ಳುವುದೇ ಆದರೆ, ಸೀರಿಯಲ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ಲಿಲ್ಲದೆ ಹಣ ಕೊಡಬೇಡಿ. ಆಮದು ಮಾಡಿದವರ ಹೆಸರು ವಿಳಾಸ ಪೆಟ್ಟಿಗೆಯ ಮೇಲೆ ಅಚ್ಚಾಗಿದೆಯೇ ನೋಡಿ. ಯಂತ್ರ ಕೈಗೆ ಬಂದ ದಿನವೇ ಸೀಲುಗಳ ಫೋಟೊ ತೆಗೆದಿಡಿ. ಕಾಯಿಲ್ ಕೆಟ್ಟರೆ ಕಾಯಿಲ್ ಒಂದನ್ನೇ ಕಳುಹಿಸಬಹುದೇ, ಸಾಗಣೆಯ ಖರ್ಚು ಯಾರದು, ದುರಸ್ತಿ ನಡೆಯುವುದು ಭಾರತದಲ್ಲೋ ಹೊರದೇಶದಲ್ಲೋ ಎಂಬ ಮೂರು ಪ್ರಶ್ನೆಗಳನ್ನು ಮಾರಾಟಗಾರರಿಗೆ ಈಮೇಲಿನಲ್ಲಿ ಕೇಳಿ. ಫೋನಿನಲ್ಲಿ ಹೇಳಿದ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬರಹದಲ್ಲಿ ಉತ್ತರಿಸಲು ಹಿಂಜರಿಯುವವರಿಂದ, ಅವರ ಬೆಲೆ ಹತ್ತು ಸಾವಿರ ಕಡಿಮೆಯಿದ್ದರೂ, ಯಂತ್ರ ತೆಗೆದುಕೊಳ್ಳಬೇಡಿ.